ಹಕ್ಕಿಯ ಕೊಲೆಯೂ ನಾವಿಕನ ಕಥೆಯೂ

ನಮ್ಮ ಸೀಮೆಗೂ ಸಮುದ್ರಕ್ಕೂ ಬಹು ದೂರ. ಸಂಡೂರಿನ ಬೆಟ್ಟಸಾಲಿನಲ್ಲಿ ದೋಣಿಮಲೈ ಎಂಬ ಊರಿದೆ. ಹೆಸರಿನಲ್ಲಿ ದೋಣಿಯುಂಟು, ಕಣ್ಣಿಗೆ ಕಾಣುವುದು ಮಾತ್ರ ಕೆಮ್ಮಣ್ಣಿನ ಮಲೆ. ಹಗರಿಬೊಮ್ಮನಹಳ್ಳಿಯ ಕಡೆ ಅಂಕಸಮುದ್ರವೆಂಬ ಗ್ರಾಮವಿದೆ. ಅಲ್ಲಿಯ ಸಮುದ್ರವೆಂದರೆ ಒಂದು ಕೆರೆ. ಕಂಪ್ಲಿಯಲ್ಲಿಯೂ ಆನೆಗೊಂದಿಯಲ್ಲಿಯೂ ತುಂಗಭದ್ರೆಯನ್ನು ದಾಟುವುದಕ್ಕೆ ಹಿಂದಿನವರು ನೆಚ್ಚಿಕೊಂಡಿದ್ದುದು ಬಿದಿರಿನ ಹರಿಗೋಲನ್ನು. ಅದಕ್ಕೆ ಹಾಯಿಯೂ ಇಲ್ಲ, ಚುಕ್ಕಾಣಿಯೂ ಇಲ್ಲ. ಇಂಥ ನಾಡಿನ ಶ್ರೋತೃಗಳಿಗೆ ದಕ್ಷಿಣಧ್ರುವದ ಹಿಮಸಾಗರದ ಕಥೆಯೊಂದನ್ನು ಹೇಳಹೊರಟರೆ, ಅದು ನಮಗೇಕೆ ಎಂದು ಯಾರಾದರೂ ಕೇಳಬಹುದು. ಸಮಾಧಾನಕ್ಕೆ ಒಂದು ಸಂಗತಿಯಿದೆ. ಆ ಕಥೆಯನ್ನು ಹಾಡಿದ ಕವಿಯೂ ಆ ವೇಳೆಗೆ ಹಡಗು ಹತ್ತಿ ಸ್ವದೇಶವನ್ನು ಬಿಟ್ಟು ಹೋದವನಲ್ಲ. ಆತ ಕಂಡಿದ್ದುದು ಪುಸ್ತಕದ ಕಡಲನ್ನು, ಮನಸ್ಸಿನ ಕಡಲನ್ನು. ಆ ಕಡಲಿಗೆ ಇಳಿಯಲು ನಮಗೂ ಅಡ್ಡಿಯಿಲ್ಲ.

ಕವಿಯ ಹೆಸರು ಸ್ಯಾಮ್ಯುಯಲ್ ಟೇಲರ್ ಕೋಲ್‌ರಿಜ್. ಕಾಲ ೧೭೭೨ರಿಂದ ೧೮೩೪. ಕವನ, ಮುದಿ ನಾವಿಕನ ಕಥನಗೀತೆ. ೧೭೯೭ರ ನವೆಂಬರ್ ತಿಂಗಳಲ್ಲಿ ಕೋಲ್‌ರಿಜ್, ಆತನ ಮಿತ್ರನಾದ ವರ್ಡ್ಸ್‌ವರ್ತ್, ವರ್ಡ್ಸ್‌ವರ್ತನ ತಂಗಿ ಡೊರೊತಿ, ಈ ಮೂವರೂ ಇಂಗ್ಲೆಂಡಿನ ಪಶ್ಚಿಮ ತೀರದತ್ತ ಕಾಲ್ನಡಿಗೆಯಲ್ಲಿ ಪ್ರವಾಸ ಹೊರಟರು. ಕೈಯಲ್ಲಿ ಹಣವಿಲ್ಲ. ಇಬ್ಬರೂ ಕೂಡಿ ಒಂದು ಕವನವನ್ನು ಬರೆದು ಪತ್ರಿಕೆಗೆ ಮಾರಿದರೆ ಐದು ಪೌಂಡು ದೊರೆತೀತು, ದಾರಿಯ ಖರ್ಚು ಕಳೆದೀತು ಎಂದು ಕವಿಗಳು ಲೆಕ್ಕ ಹಾಕಿದರು. ನಾವಿಕನು ಕಡಲ ಹಕ್ಕಿಯೊಂದನ್ನು ಕೊಲ್ಲಲಿ ಎಂದು ಸೂಚಿಸಿದವನು ವರ್ಡ್ಸ್‌ವರ್ತ್. ಷೆಲ್ವಾಕ್ ಎಂಬ ಕಪ್ತಾನನು ೧೭೨೬ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ, ಹಡಗಿನ ಅಧಿಕಾರಿಯೊಬ್ಬನು ಕಪ್ಪು ಆಲ್ಬಟ್ರಾಸ್ ಪಕ್ಷಿಯನ್ನು ಅಪಶಕುನವೆಂದು ಬಗೆದು ಗುಂಡಿಕ್ಕಿ ಕೊಂದ ಸಂಗತಿಯನ್ನು ಅವನು ಓದಿದ್ದನು. ಕೆಲವು ಸಾಲು ಬರೆಯುವಷ್ಟರಲ್ಲಿಯೇ ಇಬ್ಬರ ದಾರಿ ಬೇರೆ ಬೇರೆ ಎಂಬುದು ಗೊತ್ತಾಯಿತು. ವರ್ಡ್ಸ್‌ವರ್ತ್ ಹಿಂದೆ ಸರಿದನು. ಕೋಲ್‌ರಿಜ್ ಒಬ್ಬನೇ ಮುಂದುವರಿಸಿದನು. ೧೭೯೮ರಲ್ಲಿ ಅವರಿಬ್ಬರೂ ಕೂಡಿ ಹೊರತಂದ 'ಲಿರಿಕಲ್ ಬ್ಯಾಲಡ್ಸ್' ಸಂಕಲನದ ಮೊದಲನೆಯ ಕವನವಾಗಿ ಇದು ಅಚ್ಚಾಯಿತು. ೧೮೧೭ರಲ್ಲಿ ಕವಿ ಇದನ್ನು ಪರಿಷ್ಕರಿಸಿ, ಪುಟದ ಅಂಚಿನಲ್ಲಿ ಗದ್ಯದ ಟಿಪ್ಪಣಿಯನ್ನೂ ಸೇರಿಸಿದನು.

ಕಥೆ ಹೀಗಿದೆ. ಮದುವೆಯ ಮನೆಗೆ ಮೂವರು ಹೋಗುತ್ತಿದ್ದಾರೆ. ಅವರಲ್ಲೊಬ್ಬನನ್ನು ನರೆಗಡ್ಡದ ಮುದಿ ನಾವಿಕನೊಬ್ಬನು ತಡೆದು ನಿಲ್ಲಿಸುತ್ತಾನೆ. ಒಳಗೆ ವಾದ್ಯ ಮೊಳಗುತ್ತಿದೆ; ಈತನೋ ವರನ ಹತ್ತಿರದ ನಂಟ. ಆದರೂ ಆ ಕಣ್ಣಿನ ಹೊಳಪಿಗೆ ಸಿಕ್ಕಿ ಕಲ್ಲಿನ ಮೇಲೆ ಕುಳಿತುಬಿಡುತ್ತಾನೆ. ನಾವಿಕನ ಹಡಗು ಬಿರುಗಾಳಿಗೆ ಸಿಕ್ಕಿ ದಕ್ಷಿಣದ ಹಿಮದ ನಡುವೆ ಸೆರೆಯಾಗಿತ್ತು. ಮಂಜಿನೊಳಗಿಂದ ಒಂದು ಆಲ್ಬಟ್ರಾಸ್ ಹಾರಿಬಂತು. ನಾವಿಕರು ಅದನ್ನು ಅತಿಥಿಯಂತೆ ಬರಮಾಡಿಕೊಂಡು ಉಣಿಸಿದರು. ಹಿಮ ಬಿರಿಯಿತು, ಒಳ್ಳೆಯ ಗಾಳಿ ಎದ್ದಿತು. ಹಕ್ಕಿ ಹಡಗಿನ ಜೊತೆಜೊತೆಯಲ್ಲಿಯೇ ಬಂತು. ನಾವಿಕನು ಬಿಲ್ಲೆತ್ತಿ ಅದನ್ನು ಕೊಂದನು.

ಅಲ್ಲಿಂದ ಮುಂದೆ ಗಾಳಿ ನಿಂತಿತು. ಸುತ್ತಲೂ ಕಡಲಿದ್ದು ಗಂಟಲು ಬತ್ತಿತು. ಸತ್ತ ಹಕ್ಕಿಯನ್ನು ಸಂಗಾತಿಗಳು ಅವನ ಕೊರಳಿಗೆ ಕಟ್ಟಿದರು. ಗಾಳಿಯಿಲ್ಲದೆ ನಡೆಯುವ ಅಸ್ಥಿಪಂಜರದ ಹಡಗೊಂದು ಬಂತು. ಅದರಲ್ಲಿ ಇದ್ದವರು ಇಬ್ಬರು: ಮೃತ್ಯು, ಮತ್ತು ಬದುಕಿರುವಾಗಲೇ ಬರುವ ಸಾವಿನಂಥ ಒಬ್ಬ ಹೆಣ್ಣು. ಅವರು ದಾಳವಾಡಿದರು, ನಾವಿಕನು ಆ ಹೆಣ್ಣಿನ ಪಾಲಾದನು. ಇನ್ನೂರು ಜನ ಸಂಗಾತಿಗಳು ಒಬ್ಬೊಬ್ಬರಾಗಿ ಬಿದ್ದು ಸತ್ತರು. ಏಳು ಹಗಲು ಏಳು ಇರುಳು ಅವರ ತೆರೆದ ಕಣ್ಣುಗಳ ಶಾಪವನ್ನು ನೋಡುತ್ತ ಒಬ್ಬನೇ ಉಳಿದ ನಾವಿಕನು, ಒಂದು ಬೆಳುದಿಂಗಳ ರಾತ್ರಿ ನೀರುಹಾವುಗಳ ಚೆಲುವನ್ನು ಕಂಡು ಅರಿವಿಲ್ಲದೆಯೇ ಅವುಗಳನ್ನು ಹರಸಿದನು. ಪ್ರಾರ್ಥನೆ ಬಾಯಿಗೆ ಬಂತು. ಹಕ್ಕಿ ಕೊರಳಿನಿಂದ ಕಳಚಿ ಕಡಲಿಗೆ ಬಿತ್ತು. ಮಳೆ ಸುರಿಯಿತು. ದೇವತೆಗಳು ಹೊಕ್ಕ ಹೆಣಗಳೇ ಹಡಗನ್ನು ನಡೆಸಿದವು. ತಾಯ್ನಾಡಿನ ಬಂದರಿನಲ್ಲಿ ಹಡಗು ಮುಳುಗಿತು, ನಾವಿಕನು ಉಳಿದನು. ಆದರೆ ಅಂದಿನಿಂದ ಅವನಿಗೆ ನೆಲೆಯಿಲ್ಲ. ಆಗಾಗ ಎದೆಯಲ್ಲಿ ಉರಿಯೆದ್ದು, ಕಥೆಯನ್ನು ಹೇಳಿದಲ್ಲದೆ ಅದು ಆರದು.

ಇಷ್ಟು ಕೇಳಿದವರು ಮೊದಲು ಕೇಳುವ ಪ್ರಶ್ನೆ, ಹಕ್ಕಿಯನ್ನು ಅವನು ಏಕೆ ಕೊಂದ ಎಂಬುದು. ಕವಿ ಕಾರಣವನ್ನು ಹೇಳುವುದಿಲ್ಲ. ಷೆಲ್ವಾಕನ ಪುಸ್ತಕದಲ್ಲಿ ಕಾರಣವಿತ್ತು: ಕಪ್ಪು ಹಕ್ಕಿ, ಅಪಶಕುನ, ಎದುರುಗಾಳಿ. ಕೋಲ್‌ರಿಜ್ ಈ ನೆವಗಳನ್ನೆಲ್ಲ ತೆಗೆದುಹಾಕಿದನು. ಅವನ ಹಕ್ಕಿ ಶುಭಶಕುನದ್ದು, ಗಾಳಿ ಅನುಕೂಲವಾಗಿತ್ತು, ಹಸಿವೂ ಇರಲಿಲ್ಲ. ಹೀಗೆ ಕಾರಣವನ್ನು ಕಿತ್ತುಹಾಕಿದ್ದರಿಂದಲೇ ಆ ಕೊಲೆ ಭಯಂಕರವಾಯಿತು. ಲೋಕದಲ್ಲಿ ಕೇಡಿಗೆ ಕಾರಣವನ್ನು ಹುಡುಕಿ ಸಮಾಧಾನಪಡುವುದು ನಮ್ಮ ಅಭ್ಯಾಸ. ಕೈಯಲ್ಲಿ ಬಿಲ್ಲಿತ್ತು, ಎದುರಿಗೆ ಹಕ್ಕಿಯಿತ್ತು. ಇಷ್ಟೇ ಸಾಕಾಗುವ ಮನಸ್ಸೊಂದು ಮನುಷ್ಯನಲ್ಲಿ ಇದೆ ಎಂಬುದನ್ನು ಕವಿ ತೋರಿಸಿದ್ದಾನೆ.

ಹಾಗಾದರೆ ಹಕ್ಕಿ ಏನರ ಸಂಕೇತ? ಕೊರಳಿನಲ್ಲಿ ಶಿಲುಬೆಯಿರಬೇಕಾದ ಎಡೆಯಲ್ಲಿ ಹಕ್ಕಿಯನ್ನು ಕಟ್ಟಿದ್ದರಿಂದ, ಅದು ಕ್ರಿಸ್ತನ ಸಂಕೇತವೆಂದು ಕೆಲವರು ಹೇಳಿದ್ದಾರೆ. ಪ್ರಕೃತಿಯ ಸಂಕೇತವೆಂದು ಬೇರೆ ಕೆಲವರು. ಈ ಯಾವುದನ್ನೂ ಅಲ್ಲಗಳೆಯಬೇಕಾದ್ದಿಲ್ಲ. ಆದರೆ ಸಂಕೇತವಾಗುವುದಕ್ಕೆ ಮೊದಲು ಅದು ಅತಿಥಿ ಎಂಬುದನ್ನು ನಾವು ಮರೆಯಬಾರದು. ಉಣ್ಣಿಸಿದ ಮೇಲೆ ಕೊಂದದ್ದು ಇಲ್ಲಿಯ ದ್ರೋಹ. ಇದನ್ನು ತಿಳಿಯಲು ಹಂಪೆಯ ಸೀಮೆಯವರು ದೂರ ಹೋಗಬೇಕಾಗಿಲ್ಲ. ಈ ಪ್ರದೇಶವನ್ನೇ ಜನ ಕಿಷ್ಕಿಂಧೆ ಎನ್ನುತ್ತಾರೆ. ಇಲ್ಲಿಂದ ಹೊರಟ ಕಪಿಗಳು ಸೀತೆಯನ್ನು ಕಾಣದೆ ದಕ್ಷಿಣ ಸಮುದ್ರದ ದಡದಲ್ಲಿ ಸಾಯಲು ಕುಳಿತಿದ್ದಾಗ ಅವರಿಗೆ ಎದುರಾದದ್ದು ಒಂದು ಹಕ್ಕಿ, ರೆಕ್ಕೆ ಸುಟ್ಟ ಸಂಪಾತಿ. ಅವನು ಮೊದಲು ಬಂದದ್ದು ಅವರನ್ನು ತಿನ್ನುವುದಕ್ಕೆ. ಆದರೆ ಅವರ ಬಾಯಲ್ಲಿ ಜಟಾಯುವಿನ ಸ್ತುತಿಯನ್ನು ಕೇಳಿ ತಮ್ಮನ ನೆನಪಿನಿಂದ ಕರಗಿ, ಲಂಕೆಯ ದಾರಿಯನ್ನು ತೋರಿಸಿದನು. ಅಲ್ಲಿ ಒಂದು ಒಳ್ಳೆಯ ಮಾತಿನಿಂದ ಹಗೆಯು ಕೆಳೆಯಾಗಿ ಕಡಲಿನ ದಾರಿ ತೆರೆಯಿತು. ಇಲ್ಲಿ ಒಂದು ಬಾಣದಿಂದ ಕೆಳೆ ಸತ್ತು ಕಡಲಿನ ದಾರಿ ಮುಚ್ಚಿತು.

ಇನ್ನು ಎರಡನೆಯ ಪ್ರಶ್ನೆ: ಕೊಂದವನು ಒಬ್ಬ, ಸತ್ತವರು ಇನ್ನೂರು. ಇದು ಯಾವ ನ್ಯಾಯ? ಇಂಗ್ಲಿಷ್ ಓದುಗರು ಬಹುಕಾಲದಿಂದ ಇಲ್ಲಿ ತೊಡಕನ್ನು ಕಂಡಿದ್ದಾರೆ. ನಮ್ಮ ನಾಡಿನ ಒಂದು ಹಳೆಯ ವಿಚಾರ ಇದನ್ನು ಬಿಡಿಸಲು ನೆರವಾಗುತ್ತದೆ. ಜೈನ ಶಾಸ್ತ್ರದಲ್ಲಿ ಹಿಂಸೆ ಮೂರು ಬಗೆ: ಕೃತ, ಕಾರಿತ, ಅನುಮೋದಿತ. ತಾನು ಮಾಡಿದ್ದು, ಪರರಿಂದ ಮಾಡಿಸಿದ್ದು, ಪರರು ಮಾಡಿದ್ದಕ್ಕೆ ಸೈ ಎಂದದ್ದು. ಮೂರಕ್ಕೂ ಬಂಧವುಂಟು. ೧೩೮೫ರಲ್ಲಿ ಕಟ್ಟಿದ ಹಂಪೆಯ ಗಾಣಗಿತ್ತಿ ಬಸದಿಯಂಥ ಗುಡಿಗಳಿರುವ ನಾಡಿಗೆ ಈ ವಿಚಾರ ಹೊಸದಲ್ಲ. ಈಗ ಆ ಸಂಗಾತಿಗಳು ಏನು ಮಾಡಿದರೆಂಬುದನ್ನು ನೋಡಿ. ಹಕ್ಕಿ ಸತ್ತ ಕೂಡಲೇ ಅವರು ನಾವಿಕನನ್ನು ಬೈದರು. ಗಾಳಿ ತಂದ ಹಕ್ಕಿಯನ್ನು ಕೊಂದೆಯಲ್ಲಾ ಎಂದರು. ಮಂಜು ಕರಗಿ ಸೂರ್ಯನು ಮೂಡಿದೊಡನೆ ಮಾತನ್ನು ತಿರುಗಿಸಿದರು. ಮಂಜು ತಂದ ಹಕ್ಕಿಯನ್ನು ಕೊಂದದ್ದೇ ಸರಿ ಎಂದರು. ಅವರ ಬೈಗುಳದಲ್ಲಿ ಕರುಣೆಯಿರಲಿಲ್ಲ, ಹೊಗಳಿಕೆಯಲ್ಲಿ ವಿವೇಕವಿರಲಿಲ್ಲ. ಎರಡರಲ್ಲಿಯೂ ಇದ್ದುದು ಲಾಭನಷ್ಟದ ಲೆಕ್ಕ ಒಂದೇ. ೧೮೧೭ರ ಅಂಚಿನ ಟಿಪ್ಪಣಿಯಲ್ಲಿ ಕವಿಯೇ ಅವರನ್ನು ಪಾಪದ ಪಾಲುಗಾರರೆಂದು ಎಣಿಸಿದ್ದಾನೆ.

ಈ ಎಡೆಯಲ್ಲಿ ಜನ್ನನ 'ಯಶೋಧರ ಚರಿತೆ'ಯನ್ನು ನೆನೆಯದಿರುವುದು ಕನ್ನಡಿಗರಿಗೆ ಸಾಧ್ಯವಿಲ್ಲ. ೧೨೦೯ರ ಆ ಕಾವ್ಯದಲ್ಲಿ ಯಶೋಧರನು ಕಡಿದದ್ದು ಜೀವವಿದ್ದ ಕೋಳಿಯನ್ನಲ್ಲ, ಹಿಟ್ಟಿನ ಕೋಳಿಯನ್ನು. ತಾಯಿಯ ಒತ್ತಾಯಕ್ಕೆ ಮಣಿದು ಅಷ್ಟಕ್ಕೆ ಒಪ್ಪಿಕೊಂಡನು. ಕತ್ತಿ ಬಿದ್ದಾಗ ಆ ಹಿಟ್ಟಿನ ಕೋಳಿಯೇ ಕೂಗಿತು. ಆ ಸಂಕಲ್ಪಹಿಂಸೆಗಾಗಿ ತಾಯಿ ಮಗ ಇಬ್ಬರೂ ನವಿಲಾಗಿ, ನಾಯಾಗಿ, ಇನ್ನೂ ಹಲವು ಪ್ರಾಣಿಗಳಾಗಿ ಹುಟ್ಟಿ ಸಾಯಬೇಕಾಯಿತು. ಒಂದು ಹಕ್ಕಿ, ಒಂದು ಪೆಟ್ಟು, ಅದರ ಹಿಂದೆ ಮುಗಿಯದ ಸಂಕಟದ ಸರಪಳಿ. ಹೊಯ್ಸಳ ಬಲ್ಲಾಳನ ಕಾಲದ ಕವಿಗೂ ಆರುನೂರು ವರ್ಷದ ಆಚೆಯ ಇಂಗ್ಲಿಷ್ ಕವಿಗೂ ಯಾವ ಸಂಬಂಧವೂ ಇಲ್ಲ. ಆದರೂ ಅಪರಾಧದ ಅಳತೆಯು ಪೆಟ್ಟಿನ ಗಾತ್ರದಲ್ಲಿಲ್ಲ, ಮನಸ್ಸಿನಲ್ಲಿದೆ ಎಂಬುದನ್ನು ಇಬ್ಬರೂ ಕಂಡುಕೊಂಡರು.

ಭೂತದ ಹಡಗಿನ ದಾಳದಾಟವನ್ನು ಈಗ ನೋಡೋಣ. ಜೂಜಿನಲ್ಲಿ ಬಾಳು ಕಳೆದ ಕಥೆ ನಮಗೆ ಧರ್ಮರಾಯನಿಂದ ಪರಿಚಿತ. ಆದರೆ ಧರ್ಮರಾಯನು ತಾನೇ ದಾಳವನ್ನು ಕೈಗೆತ್ತಿಕೊಂಡನು. ಇಲ್ಲಿ ನಾವಿಕನು ಆಟಗಾರನಲ್ಲ, ಪಣ. ನ್ಯಾಯಾಧೀಶನು ತೀರ್ಪು ಕೊಟ್ಟು ಶಿಕ್ಷಿಸಿದ್ದರೆ ಲೋಕದಲ್ಲಿ ಒಂದು ಕ್ರಮವಿದೆ ಎಂದು ನಂಬಬಹುದಾಗಿತ್ತು. ದಾಳ ಬಿದ್ದಂತೆ ಶಿಕ್ಷೆಯಾದಾಗ ಆ ನಂಬಿಕೆಯೂ ಅಲುಗುತ್ತದೆ. ಗೆದ್ದವಳು ಮೃತ್ಯುವಲ್ಲ, ಸಾಯಗೊಡದ ಸಾವು. ನಮ್ಮ ಪುರಾಣಗಳಲ್ಲಿ ಈ ಶಿಕ್ಷೆಯನ್ನು ಅನುಭವಿಸಿದವನು ಅಶ್ವತ್ಥಾಮ. ನಿದ್ರಿಸುತ್ತಿದ್ದವರನ್ನು ಇರುಳಿನಲ್ಲಿ ಕೊಂದ ಅವನಿಗೆ ದೊರೆತದ್ದು ಮರಣವಲ್ಲ, ಜೊತೆಯಿಲ್ಲದೆ ಸಾವಿರಾರು ವರ್ಷ ಅಲೆಯುವ ಶಾಪ. ಚಿರಂಜೀವಿ ಎಂಬ ಮಾತು ಹರಕೆಯೂ ಆಗಬಹುದು, ಶಾಪವೂ ಆಗಬಹುದು. ಇನ್ನೂರು ಹೆಣಗಳ ನಡುವೆ ಜೀವಂತನಾಗಿ ನಿಂತ ನಾವಿಕನಿಗೆ ಈ ಅರ್ಥ ತಿಳಿಯಿತು.

ಸೂರ್ಯ ಚಂದ್ರರ ವಿಷಯವಾಗಿ ವಿಮರ್ಶಕರು ಬಹಳ ಬರೆದಿದ್ದಾರೆ. ಅಮೆರಿಕದ ರಾಬರ್ಟ್ ಪೆನ್ ವಾರನ್ ೧೯೪೬ರಲ್ಲಿ ಬರೆದ ಪ್ರಬಂಧದಲ್ಲಿ, ಚಂದ್ರನ ಬೆಳಕನ್ನು ಕವಿಪ್ರತಿಭೆಗೂ, ಸೂರ್ಯನ ಬೆಳಕನ್ನು ಬರಿಯ ತರ್ಕಬುದ್ಧಿಗೂ ಸಂಕೇತವೆಂದು ತಿಳಿದನು. ನಾವಿಕರನ್ನು ಬೇಯಿಸುವುದು ರಕ್ತವರ್ಣದ ಸೂರ್ಯ. ಹಾವುಗಳ ಚೆಲುವನ್ನು ತೋರಿಸುವುದು ಚಂದ್ರ. ಈ ಮಾತು ಸೊಗಸಾಗಿದೆ, ಬಹುಮಟ್ಟಿಗೆ ನಿಜವೂ ಹೌದು. ಆದರೆ ಆ ಇನ್ನೂರು ಜನ ಸತ್ತದ್ದು ಹಗಲಿನಲ್ಲಲ್ಲ, ಚಂದ್ರನು ಮೂಡಿದ ಮೇಲೆ. ಒಂದೇ ಬೀಗದ ಕೈ ಎಲ್ಲ ಬೀಗಗಳನ್ನೂ ತೆರೆಯಲಾರದು. ಸಂಕೇತವೆಂದರೆ ಗಣಿತದ ಚಿಹ್ನೆಯಲ್ಲ. ಇದಕ್ಕೆ ಇದು ಎಂದು ಪಟ್ಟಿ ಬರೆದು ಮುಗಿಸಿದರೆ ಉಳಿಯುವುದು ಪಟ್ಟಿ, ಹೋಗುವುದು ಕವನ.

ನೀರುಹಾವುಗಳ ಸನ್ನಿವೇಶ ಕವನದ ನಡುಗಂಬ. ಕೆಲವು ದಿನಗಳ ಹಿಂದೆ ಕಡಲಿನಲ್ಲಿ ತೆವಳುವ ಜೀವಿಗಳನ್ನು ಕಂಡು ಅವನು ಹೇಸಿದ್ದನು. ಜೀವಿಗಳು ಬದಲಾಗಲಿಲ್ಲ, ಕಣ್ಣು ಬದಲಾಯಿತು. ಇಂಗ್ಲೆಂಡಿನವನಿಗೆ ಹಾವೆಂದರೆ ಸೈತಾನನ ರೂಪ. ಅಂಥದನ್ನು ಹರಸುವುದು ದೊಡ್ಡ ಮಾತು. ನಾಗರಕಟ್ಟೆಗೆ ಹಾಲೆರೆಯುವ ನಮಗೆ ಅಷ್ಟು ಬೆರಗಾಗದಿದ್ದರೂ, ಒಂದು ಸೂಕ್ಷ್ಮವನ್ನು ಗಮನಿಸಬೇಕು. ಅವನು ಪುಣ್ಯ ಬರಲೆಂದು ಹರಸಲಿಲ್ಲ. ಹರಸುತ್ತಿದ್ದೇನೆಂಬ ಅರಿವೂ ಅವನಿಗಿರಲಿಲ್ಲ. ಕೊಂದದ್ದೂ ಯೋಚಿಸದೆ, ಹರಸಿದ್ದೂ ಯೋಚಿಸದೆ. ಕೇಡು ಕಾರಣವಿಲ್ಲದೆ ಬಂದಂತೆ ಕರುಣೆಯೂ ಕಾರಣವಿಲ್ಲದೆ ಬಂತು. ಈ ತೂಕದಲ್ಲಿ ಕವನ ನಿಂತಿದೆ.

ವರ್ಡ್ಸ್‌ವರ್ತನಿಗೆ ಮಾತ್ರ ಇದು ಸಮಾಧಾನವಾಗಲಿಲ್ಲ. ಈ ನಾವಿಕನು ತಾನಾಗಿ ಏನನ್ನೂ ಮಾಡುವುದಿಲ್ಲ, ಎಲ್ಲವೂ ಅವನಿಗೆ ಆಗುತ್ತದೆ, ಅವನಿಗೆ ಸ್ಪಷ್ಟವಾದ ವ್ಯಕ್ತಿತ್ವವೇ ಇಲ್ಲ ಎಂದು ೧೮೦೦ರ ಆವೃತ್ತಿಯಲ್ಲಿ ಅವನು ಆಕ್ಷೇಪಿಸಿದನು. ಮಾತು ನಿಜ, ಆದರೆ ಅದು ದೋಷವೆ? ಒಂದೇ ಒಂದು ಕೆಲಸವನ್ನು ಮಾಡಿ, ಉಳಿದ ಆಯುಷ್ಯವನ್ನೆಲ್ಲ ಅದರ ಫಲವನ್ನು ಉಣ್ಣುತ್ತ ಕಳೆಯುವವರು ಲೋಕದಲ್ಲಿ ಇಲ್ಲವೆ? ಸುತ್ತಣ ಸಣ್ಣ ಪಾತ್ರಗಳೂ ಇದಕ್ಕೆ ಹೊಂದಿಕೊಂಡಿವೆ. ಬಂದರಿನಲ್ಲಿ ಅವನನ್ನು ಕಂಡು ದಾರಿ ತೋರುವ ಅಂಬಿಗನು ಮೂರ್ಛೆ ಹೋಗುತ್ತಾನೆ. ಅಂಬಿಗನ ಹುಡುಗನು ಹುಚ್ಚನಂತೆ ನಗುತ್ತಾನೆ. ಕಾಡಿನ ಸಂನ್ಯಾಸಿಯೊಬ್ಬನೇ ಪ್ರಾರ್ಥಿಸಿ, ನೀನೆಂಥ ಮನುಷ್ಯ ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರವಾಗಿಯೇ ಕಥೆ ಮೊದಲ ಸಲ ಹೊರಬಂತು.

ಅನ್ನಾ ಬಾರ್‌ಬಾಲ್ಡ್ ಎಂಬ ಲೇಖಕಿ ಈ ಕವನದಲ್ಲಿ ನೀತಿಯೇ ಇಲ್ಲವೆಂದು ದೂರಿದಳಂತೆ. ಅದಕ್ಕೆ ಕೋಲ್‌ರಿಜ್, ಇದರಲ್ಲಿ ನೀತಿ ಹೆಚ್ಚಾಯಿತೆಂಬುದೇ ತನ್ನ ಕೊರಗು ಎಂದನು. ಅರೇಬಿಯದ ಕಥೆಯಲ್ಲಿ ವ್ಯಾಪಾರಿಯೊಬ್ಬನು ಖರ್ಜೂರವನ್ನು ತಿಂದು ಬೀಜ ಎಸೆಯುತ್ತಾನೆ. ಅದು ಕಣ್ಣಿಗೆ ಕಾಣದ ಭೂತದ ಮಗನಿಗೆ ತಗುಲಿತೆಂದು ಭೂತ ಅವನನ್ನು ಕೊಲ್ಲಬರುತ್ತದೆ. ತನ್ನ ಕವನವೂ ಹಾಗೆಯೇ ಇರಬೇಕಾಗಿತ್ತು ಎಂದು ಕವಿಯ ಅಭಿಪ್ರಾಯ. ಎಲ್ಲ ಜೀವಿಗಳನ್ನೂ ಪ್ರೀತಿಸಬೇಕೆಂದು ನಾವಿಕನು ಕೊನೆಯಲ್ಲಿ ಹೇಳುವ ಬುದ್ಧಿಮಾತು ಮಕ್ಕಳ ಪಾಠದಂತೆ ಸರಳವಾಗಿದೆ. ಆದರೆ ಅದನ್ನು ಹೇಳುವ ಬಾಯಿ ಯಾವುದು? ನಮ್ಮ ಆದಿಕಾವ್ಯ ಹುಟ್ಟಿದ್ದು ಕ್ರೌಂಚಪಕ್ಷಿಯ ಕೊಲೆಯಿಂದ. ಬೇಡನು ಕೊಂದನು, ನಿನಗೆ ಬಹುಕಾಲ ನೆಲೆ ದೊರೆಯದಿರಲಿ ಎಂಬ ಅರ್ಥದ ಶಾಪ ಋಷಿಯ ಬಾಯಿಂದ ಶ್ಲೋಕವಾಗಿ ಬಂತು. ಅಲ್ಲಿ ಕೊಂದವನು ಒಬ್ಬ, ಕವಿಯಾದವನು ಇನ್ನೊಬ್ಬ. ಕೋಲ್‌ರಿಜನಲ್ಲಿ ಇಬ್ಬರೂ ಒಬ್ಬನೇ. ನೆಲೆ ತಪ್ಪಿದವನೂ ಅವನೇ, ಆ ಶೋಕವನ್ನು ಊರೂರಿಗೆ ಹಾಡುವವನೂ ಅವನೇ. ಆದಕಾರಣ ಆ ಸರಳವಾದ ಮಾತಿಗೆ ಅವನ ಬಾಯಲ್ಲಿ ಬೆಲೆ ಬಂದಿದೆ.

ಕೇಳುವವನ ಪಾತ್ರವೊಂದು ಉಳಿಯಿತು. ಜನ್ನನ ಕಾವ್ಯದಲ್ಲಿಯೂ ಕಥೆಯನ್ನು ಕೇಳುವವನೊಬ್ಬನಿದ್ದಾನೆ, ಮಾರಿದತ್ತ ರಾಜ. ಮಾರಿಯ ಜಾತ್ರೆಯಲ್ಲಿ ಬಲಿಗೆಂದು ತಂದ ಅಭಯರುಚಿ ಅಭಯಮತಿಯರೇ ತಮ್ಮ ಹಿಂದಿನ ಜನ್ಮಗಳ ಕಥೆಯನ್ನು ಅವನಿಗೆ ಹೇಳುತ್ತಾರೆ. ಎತ್ತಿದ ಕತ್ತಿ ಇಳಿಯುತ್ತದೆ, ಬಲಿ ನಿಲ್ಲುತ್ತದೆ. ಇಬ್ಬರು ಕೇಳುಗರೂ ಹಬ್ಬಕ್ಕೆ ಹೊರಟವರೇ. ಆದರೆ ಮದುವೆಯ ನಂಟನ ಕೈಯಲ್ಲಿ ಕತ್ತಿಯಿಲ್ಲ. ಅವನು ಯಾರನ್ನೂ ಕೊಂದವನಲ್ಲ. ಅವನನ್ನೇ ಏಕೆ ತಡೆಯಬೇಕಾಗಿತ್ತು? ಸುಮ್ಮನೆ ಸೈ ಎನ್ನುವ ಅಪಾಯ ಎಲ್ಲರಿಗೂ ಇರುವುದರಿಂದ ಎನ್ನಬಹುದು. ಮಂಜು ಕರಗಿದಾಗ ಮಾತು ತಿರುಗಿಸಿದ ಆ ಇನ್ನೂರು ಜನರೂ ಇವನಂತೆಯೇ ಸಾಧುಗಳಾಗಿದ್ದವರು.

ಇದು ನಮಗೆ ದೂರದ ಮಾತಲ್ಲ. ಈ ಬೆಟ್ಟಗಳ ಅದಿರು ರೈಲನ್ನೇರಿ, ಬಂದರನ್ನು ಸೇರಿ, ಕಡಲನ್ನು ದಾಟಿದ್ದುಂಟು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯಿತು. ಆಮೇಲೆ ಷರತ್ತುಗಳೊಡನೆ ಅದು ಮತ್ತೆ ಆರಂಭವಾಯಿತು. ಅಗೆದವರು ಯಾರು, ಅಗೆಯಿಸಿದವರು ಯಾರು ಎಂಬುದನ್ನು ನ್ಯಾಯಾಲಯಗಳು ವಿಚಾರಿಸಬಲ್ಲವು. ಗಾಳಿ ಅನುಕೂಲವಾಗಿದ್ದಾಗ ಸೈ ಎಂದು, ಪ್ರತಿಕೂಲವಾದಾಗ ಛೀ ಎಂದವರ ಲೆಕ್ಕವನ್ನು ಯಾವ ನ್ಯಾಯಾಲಯವೂ ಕೇಳುವುದಿಲ್ಲ. ಅದನ್ನು ಕೇಳುವುದು ಇಂಥ ಕವನಗಳು. ಇದೇ ಸೀಮೆಯ ಅಂಕಸಮುದ್ರದ ಕೆರೆಯಲ್ಲಿ, ನೀರಿನ ನಡುವಣ ಜಾಲಿಮರಗಳ ಮೇಲೆ ಸಾವಿರಾರು ಹಕ್ಕಿಗಳು ಗೂಡು ಕಟ್ಟುತ್ತವೆ. ೨೦೧೭ರಲ್ಲಿ ಅದು ಪಕ್ಷಿ ಸಂರಕ್ಷಣೆಯ ಮೀಸಲು ಪ್ರದೇಶವಾಯಿತು. ೨೦೨೪ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಬಂದ ಅತಿಥಿಯನ್ನು ಬಾಳಗೊಡುವುದು ಮನುಷ್ಯರಿಗೆ ಅಸಾಧ್ಯವೇನಲ್ಲ.

ಮದುವೆಗೆ ಹೊರಟವನು ಕಥೆ ಮುಗಿದ ಮೇಲೆ ಮದುವೆಯ ಮನೆಯೊಳಕ್ಕೆ ಹೋಗುವುದಿಲ್ಲ, ಬಾಗಿಲಿನಿಂದಲೇ ಹಿಂತಿರುಗುತ್ತಾನೆ. ಮಾರಿದತ್ತನಂತೆ ಅವನು ಏನು ಮಾಡಿದನೆಂಬುದನ್ನು ಕವಿ ಹೇಳಿಲ್ಲ. ಮರುದಿನ ಎದ್ದಾಗ ಅವನ ಮನಸ್ಸು ಭಾರವಾಗಿತ್ತು, ತಿಳಿವು ಹೆಚ್ಚಿತ್ತು ಎಂದಷ್ಟೇ ಹೇಳಿ ಕವನ ಮುಗಿಯುತ್ತದೆ. ಆ ತಿಳಿವಿನಿಂದ ಅವನು ಏನು ಮಾಡಬೇಕೆಂಬುದು ಅವನಿಗೆ ಬಿಟ್ಟದ್ದು. ಕೇಳಿದ ನಮಗೂ ಬಿಟ್ಟದ್ದು.